ಭಾರತೀಯುಡು 2 ನೋಡಿ ಬಂದ ಮೇಲೆ ನಮ್ಮನೇಲಿ ಆದ ಜಗಳ: ಒಂದು ಪ್ರಕರಣ ಅಧ್ಯಯನ

ಪ್ರಕರಣ ಅಂದ ಕೂಡ್ಲೇ ಕೋರ್ಟು ಕೇಸು ಅನ್ಕೋಬೇಡ್ರಿ, ಇದು ಬರೀ ಸಿನಿಮಾ ಜಗಳ. ಆದ್ರೆ ಜುಲೈಯಲ್ಲಿ ಶುರುವಾಗಿದ್ದು ಗಣೇಶನ ಹಬ್ಬ ಹತ್ರ ಬಂದ್ರೂ ಮುಗೀಲಿಲ್ಲ, ಮಧ್ಯೆ ಮಾಮ ಎರಡು ವಾರ ನಮ್ಮನೆ ಕಡೆ ತಲೆನೇ ಹಾಕಲಿಲ್ಲ, ಅದಕ್ಕೇ ಒಂದ್ಸಲ ಪೂರ್ತಿ ಬರೆದು ಇಡೋಣ ಅನ್ನಿಸ್ತು. ನಂದು ಬಳ್ಳಾರಿಯಲ್ಲಿ ಒಂದು ಜೆರಾಕ್ಸ್ ಅಂಗಡಿ, ದಿನಾ ಹತ್ತು ಜನದ ಅರ್ಜಿ ಟೈಪ್ ಮಾಡ್ತೀನಿ, ಮಾನ್ಯರೇ ಈ ಮೂಲಕ ಕೋರುವುದೇನೆಂದರೆ ಅಂತ ಹೊಡೆದೂ ಹೊಡೆದೂ ಕೈ ಅದೇ ದಾರಿ ಹಿಡಿದುಬಿಟ್ಟೈತೆ. ಇದೂ ಸ್ವಲ್ಪ ಫೈಲ್ ತರ ಕಂಡ್ರೆ ಬೇಜಾರಾಗ್ಬೇಡ್ರಿ.

ಹಿನ್ನೆಲೆ

ಹೊರಗಿನವ್ರಿಗೆ ಮೊದ್ಲು ಒಂದು ಮಾತು. ನಮ್ಮೂರಲ್ಲಿ ಕನ್ನಡ ಮಾತಾಡ್ತೀವಿ, ತೆಲುಗು ಪಿಚ್ಚರ್ ನೋಡ್ತೀವಿ, ಇದ್ರಲ್ಲಿ ಯಾರಿಗೂ ಏನೂ ವಿಚಿತ್ರ ಅನ್ಸಲ್ಲ. ಆಂಧ್ರದ ಗಡಿ ಇಲ್ಲೇ ಪಕ್ಕಕ್ಕೆ, 1953ರ ತನಕ ನಾವು ಮದ್ರಾಸ್ ರಾಜ್ಯದಲ್ಲೇ ಇದ್ದೋರು. ಬಳ್ಳಾರಿ ರಾಘವರು ವಕೀಲಿ ಮಾಡ್ಕೊಂಡೇ ತೆಲುಗಲ್ಲೂ ಕನ್ನಡದಲ್ಲೂ ನಾಟಕ ಆಡಿದವ್ರು, ಅವರ ಹೆಸರಲ್ಲೇ ಊರಲ್ಲಿ ರಾಘವ ಕಲಾಮಂದಿರ ಐತೆ. ಹಿಂಗಾಗಿ ಕಮಲ್ ಹಾಸನ್ ಅಂದ್ರೆ ನಮಗೆ ತಮಿಳು ನಟ ಅಂತ ಅನ್ಸೋದೇ ಇಲ್ಲ. ಕೋಕಿಲಾ, ಪುಷ್ಪಕ ವಿಮಾನ, ರಾಮ ಶಾಮ ಭಾಮ ಬಿಟ್ರೆ ಮಿಕ್ಕಿದ್ದೆಲ್ಲ ನಾವು ನೋಡಿದ್ದು ತೆಲುಗಲ್ಲಿ. ಶಂಕರ್ ಮಾಡಿದ 1996ರ ಇಂಡಿಯನ್ ಪಿಚ್ಚರ್ ಕೂಡ ಇಲ್ಲಿಗೆ ಬಂದಿದ್ದು ಭಾರತೀಯುಡು ಆಗಿ. ಈ ಒಂದು ವಿಷ್ಯ ನೆನಪಿಟ್ಕೊಳ್ರಿ, ಆಮೇಲೆ ಬೇಕಾಗ್ತದೆ.

ಕತೆ ಗೊತ್ತಿಲ್ಲದವ್ರು ಕಮ್ಮಿ, ಆದ್ರೂ ಹೇಳ್ತೀನಿ. ಸೇನಾಪತಿ ಅಂತ ಒಬ್ಬ ಮುದುಕ, ನೇತಾಜಿ ಸೈನ್ಯದಲ್ಲಿ ಇದ್ದೋನು. ಸುಟ್ಟುಕೊಂಡ ಮಗಳಿಗೆ ಚಿಕಿತ್ಸೆ ಮಾಡೋಕೆ ಡಾಕ್ಟ್ರು ಲಂಚ ಕೇಳ್ತಾನೆ, ಇವ್ನು ಕೊಡಲ್ಲ, ಮಗಳು ಹೋಗ್ತಾಳೆ. ಅಲ್ಲಿಂದ ಲಂಚ ತಿನ್ನೋರನ್ನ ಒಬ್ಬೊಬ್ಬರನ್ನಾಗಿ ಕೊಲ್ಲೋಕೆ ಶುರು ಮಾಡ್ತಾನೆ, ಆ ಡಾಕ್ಟ್ರನ್ನ ಟೀವಿಯಲ್ಲಿ ಊರೆಲ್ಲ ನೋಡೋವಾಗಲೇ ಕೊಲ್ತಾನೆ. ಅವನ ಮಗ ಚಂದ್ರು ಬ್ರೇಕ್ ಇನ್ಸ್‌ಪೆಕ್ಟರ್, ದುಡ್ಡು ತಗೊಂಡು ಬ್ರೇಕ್ ಸರಿ ಇಲ್ಲದ ಬಸ್ಸಿಗೆ ಸರ್ಟಿಫಿಕೇಟ್ ಕೊಟ್ಟು ಶಾಲೆ ಮಕ್ಕಳ ಸಾವಿಗೆ ಕಾರಣ ಆಗ್ತಾನೆ, ಕೊನೆಗೆ ಅಪ್ಪನೇ ಮಗನ್ನ ಮುಗಿಸ್ತಾನೆ. ಅಪ್ಪ ಮಗ ಎರಡೂ ಕಮಲ್ಲೇ. ಆಗ ಆ ಮನುಷ್ಯನಿಗೆ 41 ವರ್ಷ. ಮೇಕಪ್ಪಿಗೆ ಹಾಲಿವುಡ್‌ನ ಮೈಕೇಲ್ ವೆಸ್ಟ್‌ಮೋರ್ ಅವರ ಕೈ ಹಿಡಿದಿದ್ರು, ನ್ಯಾಷನಲ್ ಅವಾರ್ಡೂ ಬಂತು.

ಎರಡನೇ ಭಾಗ ಬಂದಿದ್ದು 2024ರ ಜುಲೈ 12ಕ್ಕೆ, ಶುಕ್ರವಾರ. ಅಷ್ಟೊತ್ತಿಗೆ ಕಮಲ್‌ಗೆ 69. ಸೇನಾಪತಿ ವಯಸ್ಸು ಲೆಕ್ಕ ಹಾಕಿದ್ರೆ ನೂರು ದಾಟ್ತದೆ.

ಯಾರ್ಯಾರು, ಏನೇನಂದ್ರು

ಐದು ಜನ ಹೋಗಿದ್ವಿ, ಸಂಜೆ ಆಟ. ನಾನು, ನಮ್ಮಕ್ಕ, ಅಕ್ಕನ ಮಗ ಅಂದ್ರೆ ನನ್ನ ಅಳಿಯ (ಡಿಗ್ರಿ ಎರಡನೇ ವರ್ಷ), ನಮ್ಮ ಮಾಮ, ಆಮೇಲೆ ಎದುರು ಮನೆ ಕಾಕಾ. ಮಾಮಂದು ಜೀನ್ಸ್ ಹೊಲಿಯೋ ಸಣ್ಣ ಯೂನಿಟ್, ಎಂಟು ಮಿಷನ್ನು. ಕಾಕಾ ನಮಗೆ ಸಂಬಂಧ ಅಲ್ಲ, ಓಣಿಗೆಲ್ಲ ಕಾಕಾ, ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದ ಕೈ.

ಪಿಚ್ಚರ್ ಮೂರು ತಾಸು ಹತ್ರ ಇತ್ತು, ಜನ ಬೈದ ಮೇಲೆ ಹನ್ನೆರಡು ನಿಮಿಷ ಕತ್ತರಿಸಿದ್ರು, ಆದ್ರೆ ನಾವು ನೋಡಿದ್ದು ಕತ್ತರಿಸೋಕೆ ಮುಂಚಿಂದು, ಪೂರ್ತಿ ಅನುಭವಿಸಿದ್ವಿ. ಹೊರಗೆ ಬಂದು ಬಂಡಿ ಹತ್ರ ಒಗ್ಗರಣೆ ಮಿರ್ಚಿ ಹೇಳಿ ನಿಂತಿದ್ವಿ, ಅಳಿಯ ಮಿರ್ಚಿ ತುದಿ ಮುರಿದು ಬಾಯಿಗೆ ಹಾಕೋ ಮುಂಚೆನೇ ಶುರು ಮಾಡಿದ.

"ತಾತನ ಮುಖ ಏನ್ ರಬ್ಬರ್ ಇದ್ದಂಗೈತೆ ಮಾಮ, ಅದ್ರಲ್ಲಿ ಆಕ್ಟಿಂಗ್ ಎಲ್ಲಿ ಬಂತು? ನೂರು ದಾಟಿದೋನು ಒಂದೇ ಗಾಲಿ ಗಾಡಿ ಮೇಲೆ ಚೇಸಿಂಗ್ ಮಾಡ್ತಾನಂತೆ."

ನನ್ನ ಮಾಮ ಪ್ಲೇಟ್ ಕೆಳಗಿಟ್ಟ. "ಲೇ, ನಿಮ್ಮಪ್ಪನ ವಯಸ್ಸು ಬರೋ ತನಕ ಬಾಯಿ ಮುಚ್ಕೊಂಡಿರು. ಆ ಕಣ್ಣು ನೋಡಿದ್ಯಾ ನೀನು? ಆ ಕಣ್ಣಲ್ಲಿ ಏನೂ ಕಮ್ಮಿ ಆಗಿಲ್ಲ."

ಅಕ್ಕಂದು ಬೇರೆನೇ. ಅವಳಿಗೆ ಸೇನಾಪತಿ ನಟನೆ ಚೆನ್ನಾಗಿತ್ತೋ ಇಲ್ವೋ ಅನ್ನೋದು ವಿಷ್ಯನೇ ಅಲ್ಲ. ಪಿಚ್ಚರ್‌ನಲ್ಲಿ ಸಿದ್ಧಾರ್ಥ್ ಮಾಡಿದ ಹುಡುಗ, ಆನ್‌ಲೈನ್ ವಿಡಿಯೋ ಮಾಡೋನು, ಸೇನಾಪತಿ ಮಾತು ಕೇಳಿ ಸ್ವಂತ ಅಪ್ಪನ ಲಂಚ ಬಯಲು ಮಾಡ್ತಾನೆ, ಆ ಅವಮಾನಕ್ಕೆ ಅವರಮ್ಮ ಜೀವ ಕಳ್ಕೊಂತಾಳೆ. "ಅಷ್ಟು ದೊಡ್ಡದು ಆಯ್ತಲ್ಲ, ಆ ಮುದುಕನ ಮುಖದಲ್ಲಿ ಏನಾದ್ರೂ ಬಂತಾ? ನಂಗಂತೂ ಕಾಣಲಿಲ್ಲ" ಅಂದ್ಲು.

ಕಾಕಾ ಏನೂ ಅನ್ನಲಿಲ್ಲ, ಚಹಾ ಕುಡಿದು, "ಕಾಲು ಸರಿ ಇಲ್ಲ" ಅಂದ್ರು. ಯಾರ ಕಾಲು ಅಂತ ಆವತ್ತು ಯಾರೂ ಕೇಳಲಿಲ್ಲ, ನಾನು ಅವರ ಮಂಡಿನೋವು ಅನ್ಕೊಂಡೆ.

ಮಾತಿಗೆ ಮಾತು ಬೆಳೀತು. ಅಳಿಯ ಮೊಬೈಲ್ ತೆಗೆದು ಮೀಮ್ ತೋರಿಸೋಕೆ ಶುರು ಮಾಡಿದ, ಕಮ್ ಬ್ಯಾಕ್ ಇಂಡಿಯನ್ ಅಂತ ಪಿಚ್ಚರ್ ಒಳಗೆ ಕರೀತಾರಲ್ಲ, ಅದನ್ನ ತಿರುವಿ ಹಾಕಿ ನಗಾಡಿದ್ದು. ಮಾಮ ಅದನ್ನ ನೋಡಿದ, ಗಾಡಿ ಕಿಕ್ ಹೊಡೆದ, ಹೋದ. ಮಿರ್ಚಿ ಹಂಗೇ ಉಳೀತು.

ಮಾಮನ ಫೈಲು

ಒಂದು ಸಿನಿಮಾಕ್ಕೆ ಇಷ್ಟು ಸಿಟ್ಟಾ ಅಂತ ನಂಗೂ ಅನ್ನಿಸ್ತು. ಆಮೇಲೆ ಅಮ್ಮ ಹೇಳಿದ ಮೇಲೆ ಗೊತ್ತಾಗಿದ್ದು, ಮಾಮನ ಬಾಯಿಂದ ಕೇಳಿದ್ದು ಇನ್ನೂ ಆಮೇಲೆ.

1996ರಲ್ಲಿ ನಮ್ಮ ತಾತ ತೀರಿಹೋಗಿ, ಹೊಲ ಹೆಸರಿಗೆ ಮಾಡಿಸ್ಕೊಳ್ಳೋಕೆ ಮಾಮ ಒಂದು ಕಚೇರಿಗೆ ಅಲೀತಿದ್ದ. ಅಲ್ಲಿ ಕೂತಿದ್ದ ಮನುಷ್ಯ ಬಾಯಿಬಿಟ್ಟು ಏನೂ ಕೇಳ್ತಿರಲಿಲ್ಲವಂತೆ. ಟೇಬಲ್ ಮೇಲೆ ಒಂದು ಗಾಜಿನ ಪೇಪರ್‌ವೇಟು, ಒಳಗೆ ಕೆಂಪು ಹೂವು ಇರ್ತದಲ್ಲ ಅಂಥದು, ಅದನ್ನ ಫೈಲ್ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು ಫ್ಯಾನ್ ಕಡೆ ನೋಡ್ತಿದ್ದ. ಹಾಳೆ ಹಾರ್ತಾವೆ, ವೇಟ್ ಇಡಪ್ಪಾ ಅನ್ನೋ ಅರ್ಥ. ಅದೇ ವಾರ ಮಾಮ ಭಾರತೀಯುಡು ನೋಡಿದ. ಮರುದಿನ ಹೋಗಿ ಆ ಪೇಪರ್‌ವೇಟನ್ನ ತಾನೇ ಎತ್ತಿ ಫೈಲ್ ಮೇಲೆ ಇಟ್ಟು, ಇಷ್ಟೇ ವೇಟು ಅಂದು ಬಂದ. ಎಂಟು ತಿಂಗಳು ಫೈಲ್ ಅಲ್ಲಾಡಲಿಲ್ಲ, ಆ ವರ್ಷ ಸಾಲ ಸಿಗಲಿಲ್ಲ, ಬಿತ್ತನೆ ಕೈ ತಪ್ಪಿತು, ನಮ್ಮಜ್ಜಿ ಬೈದ್ಲು. ಆದ್ರೆ ದುಡ್ಡು ಕೊಡಲಿಲ್ಲ. ಈಗ್ಲೂ ಅವನ ಜೀವನದಲ್ಲಿ ಹೇಳ್ಕೊಳ್ಳೋ ಒಂದು ಕೆಲಸ ಅಂದ್ರೆ ಅದೇ.

ಅಂದ್ಮೇಲೆ ಅವನ ಎದುರು ನಿಂತು ಸೇನಾಪತಿ ಮುಖ ರಬ್ಬರ್ ಅಂದ್ರೆ ಏನಾಗ್ತದೆ ಹೇಳ್ರಿ.

ಇಲ್ಲಿ ಒಂದು ಅಡ್ಡಮಾತು. ನಮ್ಮ ಜಿಲ್ಲೆ ಜನಕ್ಕೆ ಭ್ರಷ್ಟಾಚಾರದ ಪಿಚ್ಚರ್ ಅಂದ್ರೆ ಸ್ವಲ್ಪ ಬೇರೆನೇ ರುಚಿ. ಗಣಿ ಧೂಳು ಕುಡಿದವ್ರು ನಾವು, 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದು ಮುಖ್ಯಮಂತ್ರಿ ಕುರ್ಚಿನೇ ಅಲ್ಲಾಡಿ ಬಿದ್ದಿದ್ದನ್ನ ನೋಡಿದವ್ರು. ಅಳಿಯನ ವಯಸ್ಸಿನ ಹುಡುಗ್ರು ಬೆಳೆದಿದ್ದೇ ಆ ಸುದ್ದಿ ಕೇಳ್ಕೊಂತ. ಚಾಕು ಹಿಡಿದ ತಾತ ಬಂದು ಸರಿ ಮಾಡ್ತಾನೆ ಅಂದ್ರೆ ಅವ್ರು ನಗ್ತಾರೆ. ನಾನು ಅದನ್ನ ತಪ್ಪು ಅನ್ನಲ್ಲ. ಆದ್ರೆ ಅದು ಕತೆ ಮೇಲಿನ ನಗು, ಅದನ್ನ ತಗೊಂಡು ನಟನ ತಲೆ ಮೇಲೆ ಹಾಕ್ತಿದ್ದ ಅಳಿಯ, ಆ ವ್ಯತ್ಯಾಸ ಆಗ ನಮಗ್ಯಾರಿಗೂ ಬಿಡಿಸಿ ಹೇಳೋಕೆ ಬರಲಿಲ್ಲ.

ಕಾಕಾನ ಚಪ್ಪಲಿ

ಎರಡು ವಾರ ಆದ ಮೇಲೆ ಒಂದಿನ ಕಾಕಾ ಅಂಗಡಿಗೆ ಆಧಾರ್ ಜೆರಾಕ್ಸ್‌ಗೆ ಬಂದಿದ್ರು. ಕಾಲು ಸರಿ ಇಲ್ಲ ಅಂದ್ರಲ್ಲ, ಯಾರದು ಅಂತ ಕೇಳಿದೆ. ಅವ್ರು ಸ್ಟೂಲ್ ಮೇಲೆ ಕೂತು ನನ್ನ ಗಮ್ ಬಾಟ್ಲಿ ತಗೊಂಡು ಎಡಗೈ ಹಿಂಭಾಗಕ್ಕೆ ತೆಳ್ಳಗೆ ಸವರಿದ್ರು, ಚರ್ಮ ಹಿಡಿದೆಳೆದು ಊದಿ ಒಣಗಿಸಿದ್ರು, ಬಿಟ್ರು. ಕೈ ಮೇಲೆ ಎಂಬತ್ತು ವರ್ಷದ ಸುಕ್ಕು ಬಂತು, ನಿಜಕ್ಕೂ. ನಂಗೆ ಮಾತೇ ಹೊರಡಲಿಲ್ಲ. "ಇಷ್ಟು ಯಾರ್ ಬೇಕಾದ್ರೂ ಮಾಡ್ತಾರೆ ಬಿಡು, ಹಾಲಿವುಡ್‌ನೋರು ಇದರ ಹತ್ತರಷ್ಟು ಚಂದ ಮಾಡ್ತಾರೆ. ಮುಖಕ್ಕೆ ಇಂಥದು ಬಿತ್ತು ಅಂದ್ರೆ ಕೆನ್ನೆ ಸತ್ತಂಗೆ, ಕೆನ್ನೆಯಿಂದ ಆಕ್ಟಿಂಗ್ ಬರೋದು ಬಂದ್. ಉಳಿಯೋದು ಕಣ್ಣು, ದನಿ, ಕುತ್ತಿಗೆ, ಕಾಲು."

ಕಂಪನಿಯಲ್ಲಿ ಹರೆಯದ ಹುಡುಗ ಮುದುಕನ ಪಾತ್ರ ಮಾಡ್ಬೇಕು ಅಂದ್ರೆ ಅವರು ಮೊದ್ಲು ಗಡ್ಡ ಅಂಟಿಸ್ತಿರಲಿಲ್ಲವಂತೆ. ಎರಡು ನಂಬರ್ ದೊಡ್ಡ ಚಪ್ಪಲಿ ಕೊಟ್ಟು, ರಂಗದ ಮೇಲೆ ಹತ್ತು ಸುತ್ತು ನಡಿ ಅಂತಿದ್ರಂತೆ. ಚಪ್ಪಲಿ ಬಿಟ್ಟು ಹೋಗಬಾರ್ದು ಅಂತ ಅವ್ನು ಕಾಲು ಎಳ್ಕೊಂಡು ನಡೀತಾನೆ, ಮಂಡಿ ತಾನೇ ಬಗ್ತದೆ, ಬೆನ್ನು ಅದ್ರ ಹಿಂದೆ ಬಗ್ತದೆ, ಆಮೇಲೆ ಬಣ್ಣ. ಮೊದಲ ಭಾಗದಲ್ಲಿ ಕಮಲ್ ಆ ಚಪ್ಪಲಿ ಹಾಕ್ಕೊಂಡಿದ್ದ ಅನ್ನೋದು ಕಾಕಾನ ಮಾತು. ನಿಜವಾದ ಚಪ್ಪಲಿ ಅಲ್ಲ, ನಡಿಗೆ. 41ರವನು ಮುದುಕನ ಭಾರ ಹೊತ್ಕೊಂಡು ನಡೀತಿದ್ದ, ಹೊಡೆಯೋ ಹೊತ್ತಿಗೆ ಮಾತ್ರ ಹಗುರ ಆಗ್ತಿದ್ದ, ಅದಕ್ಕೇ ಆ ಏಟು ನೋಡಿದವ್ರಿಗೆ ಮೈ ಜುಂ ಅಂತಿತ್ತು. ಎರಡನೇದ್ರಲ್ಲಿ ಮೊದಲಿಂದಲೇ ಹಗುರ.

"ಈಗ ಅವನಿಗೇ ವಯಸ್ಸಾಗೈತೆ ನೋಡು," ಅಂದ್ರು ಕಾಕಾ, ಕೈ ಮೇಲಿನ ಗಮ್ ಸುಲೀತಾ, "ವಯಸ್ಸಾದವ್ನು ವಯಸ್ಸಾಗಿಲ್ಲ ಅಂತ ತೋರಿಸ್ಬೇಕು ಅಂತಾನೆ. ನಾನೂ ಮೆಟ್ಲು ಹತ್ತೋವಾಗ ಯಾರಾದ್ರೂ ನೋಡ್ತಿದ್ರೆ ಜೋರಾಗಿ ಹತ್ತೀನಿ."

ಇದಕ್ಕೆ ಒಂದು ಅಂಶ ನಾನು ಸೇರಿಸ್ತೀನಿ, ಶೂಟಿಂಗು. ಈ ಪಿಚ್ಚರ್ 2019ರಲ್ಲಿ ಶುರುವಾಗಿ, 2020ರ ಫೆಬ್ರವರಿಯಲ್ಲಿ ಚೆನ್ನೈ ಹತ್ರ ಸೆಟ್ ಮೇಲೆ ಕ್ರೇನ್ ಬಿದ್ದು ಮೂರು ಜನ ತೀರಿಹೋಗಿ ನಿಂತು, ಆಮೇಲೆ ಕೋವಿಡ್, ಆಮೇಲೆ ನಿರ್ಮಾಪಕರಿಗೂ ಶಂಕರ್‌ಗೂ ಕೋರ್ಟ್ ಗಲಾಟೆ, ಮತ್ತೆ ಶುರು. ಇದ್ರಲ್ಲಿ ಕಾಣಿಸ್ಕೊಂಡ ವಿವೇಕ್, ನೆಡುಮುಡಿ ವೇಣು ಇಬ್ರೂ 2021ರಲ್ಲೇ ಹೋಗಿಬಿಟ್ರು. ಮಧ್ಯದಲ್ಲಿ ಕಮಲ್ ವಿಕ್ರಮ್ ಮಾಡಿ ಗೆದ್ದ. ಐದು ವರ್ಷ ಒಂದೇ ಪಾತ್ರನ ಬಿಟ್ಟು ಬಿಟ್ಟು ಮಾಡಿದ್ರೆ ನಡಿಗೆ ಒಂದೇ ತರ ಹೆಂಗಿರ್ತದೆ? ನಾಟಕದೋರು ಎರಡು ತಿಂಗಳು ಬಿಟ್ಟು ಬಂದ್ರೇನೇ ತಾಲೀಮು ಬೇಕು ಅಂತಾರೆ.

ಮ್ಯೂಟ್ ಮಾಡಿ ನೋಡಿದ್ದು

ಆಗಸ್ಟ್‌ನಲ್ಲಿ ಪಿಚ್ಚರ್ ನೆಟ್‌ಫ್ಲಿಕ್ಸ್‌ಗೆ ಬಂತು. ಅಷ್ಟರಲ್ಲಿ ಅಮ್ಮ ಮಧ್ಯೆ ಬಿದ್ದು ಮಾಮನ್ನ ಊಟಕ್ಕೆ ಕರೆದಿದ್ಲು, ಜಗಳ ಬಿಡ್ಸೋಕೆ. ನಂಗೊಂದು ಹುಚ್ಚು ಐಡಿಯಾ ಬಂತು. ಪುಷ್ಪಕ ವಿಮಾನದಲ್ಲಿ ಮಾತೇ ಇಲ್ಲ, ಎರಡು ತಾಸು ಈ ಮನುಷ್ಯ ಮುಖ, ಮೈಯಲ್ಲೇ ನಮ್ಮನ್ನ ಕೂರಿಸಿದ್ದ. ಹಂಗಾದ್ರೆ ಸೇನಾಪತಿನೂ ಮ್ಯೂಟ್ ಮಾಡಿ ನೋಡೋಣ, ಡೈಲಾಗು, ಮ್ಯೂಸಿಕ್ಕು ಎಲ್ಲ ತೆಗೆದ್ರೆ ಉಳಿಯೋದು ನಟನೆ ತಾನೇ. ಹಳೇದ್ರದ್ದು ಒಂದಿಷ್ಟು ಸೀನು, ಹೊಸದ್ರದ್ದು ಒಂದಿಷ್ಟು ಸೀನು. ಐದೂ ಜನ ಕೂತ್ವಿ.

ಮ್ಯೂಟ್‌ನಲ್ಲಿ ಅಳಿಯನ ರಬ್ಬರ್ ವಾದ ಅರ್ಧ ಬಿತ್ತು. ಯಾಕಂದ್ರೆ ಹಳೇದ್ರಲ್ಲೂ ಮುಖ ರಬ್ಬರ್ರೇ, ಹತ್ರದ ಶಾಟ್‌ನಲ್ಲಿ ಕೆನ್ನೆ ಅಷ್ಟೇ ಸತ್ತಿತ್ತು, ಆದ್ರೂ ಅವ್ನು ಕಣ್ಣು ಬಿಡದೆ ನೋಡಿದ, "ಇದು ಓಕೆ ಮಾಮ" ಅಂದ. ಅಂದ್ರೆ ಮೇಕಪ್ಪು ಕಾರಣ ಅಲ್ಲ. ಮಾಮನ ವಾದವೂ ಅರ್ಧ ನಿಂತಿತು, ಕಣ್ಣು ನಿಜವಾಗ್ಲೂ ಹಂಗೇ ಐತೆ, ಹೊಸದ್ರಲ್ಲೂ ಸುಮ್ನೆ ನಿಂತು ನೋಡೋ ಕಡೆ ಎದೆ ಝಲ್ ಅಂತದೆ. ಆದ್ರೆ ಅಂಥ ನೋಟ ಎಷ್ಟು ಸಲ ಬರ್ತದೆ? ಮಿಕ್ಕ ಹೊತ್ತೆಲ್ಲ ಸೇನಾಪತಿ ಕ್ಯಾಮೆರಾ ಕಡೆ ತಿರುಗಿ ಭಾಷಣ ಮಾಡ್ತಿರ್ತಾನೆ. ಮ್ಯೂಟ್‌ನಲ್ಲಿ ಭಾಷಣ ನೋಡಿದ್ರೆ ಬಾಯಿ ಅಲ್ಲಾಡೋದು ಬಿಟ್ರೆ ಏನಿರ್ತದೆ.

ಅಕ್ಕ ಆವತ್ತೇ ಹೇಳಿದ್ದು ಇದೇ, ನಮ್ಮ ಕಿವಿಗೆ ಬೀಳಲಿಲ್ಲ. ಮೊದಲ ಪಿಚ್ಚರ್‌ನಲ್ಲಿ ಸೇನಾಪತಿಗೆ ಕಳ್ಕೊಳ್ಳೋಕೆ ಮನೆ ಇತ್ತು, ಹೆಂಡ್ತಿ, ಮಗ, ಸತ್ತ ಮಗಳ ನೆನಪು. ಮಗನ್ನ ಕೊಲ್ಲಬೇಕಾ ಬೇಡ್ವಾ ಅನ್ನೋದು ಅವನ ಮೈಯೊಳಗೇ ನಡೀತಿತ್ತು, ನಟನಿಗೆ ಬೇಕಾದ್ದೇ ಅದು. ಎರಡನೇದ್ರಲ್ಲಿ ಆ ಸಂಕಟ ಪೂರ್ತಿ ಸಿದ್ಧಾರ್ಥ್ ಪಾತ್ರಕ್ಕೆ ಹೋಯ್ತು, ಅಪ್ಪ ಸಿಕ್ಕಿಬೀಳೋದು ಅವನದು, ಅಮ್ಮ ಸಾಯೋದು ಅವನದು. ಸೇನಾಪತಿಗೆ ಉಳಿದಿದ್ದು ವೇಷ ಬದಲಾಯಿಸೋದು, ಬುದ್ಧಿ ಹೇಳೋದು, ಹೊಡೆಯೋದು. ಈ ಪಿಚ್ಚರ್‌ಗಿಂತ ಎರಡು ವಾರ ಮುಂಚೆ ಕಲ್ಕಿ ಪಿಚ್ಚರ್ ಬಂದಿತ್ತಲ್ಲ, ಅದ್ರಲ್ಲಿ ಕಮಲ್ ಇದ್ದಿದ್ದು ಕೆಲವೇ ನಿಮಿಷ, ಮೇಕಪ್ಪು ಇನ್ನೂ ಭಾರ, ಆದ್ರೆ ಥಿಯೇಟರ್‌ನಲ್ಲಿ ಜನ ಉಸಿರು ಬಿಗಿ ಹಿಡಿದು ನೋಡಿದ್ರು, ಯಾಕಂದ್ರೆ ಅಲ್ಲಿ ಆ ಪಾತ್ರಕ್ಕೆ ಏನೋ ಬೇಕಿತ್ತು. ಇಲ್ಲಿ ಸೇನಾಪತಿಗೆ ಏನೂ ಬೇಡ, ಎಲ್ಲ ಮೊದ್ಲೇ ಗೊತ್ತು. ನನ್ನ ತೀರ್ಪು ಇಷ್ಟೇ: ತಪ್ಪಲ್ಲಿ ದೊಡ್ಡ ಪಾಲು ಬರೆದವ್ರದು, ಕಾಲಿನ ವಿಷಯದಲ್ಲಿ ಮಾತ್ರ ನಟನದು. ಕಾಕಾ ಒಪ್ಪಿದ್ರು. ಅಳಿಯ ಅರ್ಧ ಒಪ್ಪಿದ, ಗಾಲಿ ಗಾಡಿ ವಿಷಯ ಬಿಡಲ್ಲ ಅಂದ.

ದನಿ

ಇಲ್ಲಿಗೆ ಮುಗೀಬೇಕಿತ್ತು. ಮಾಮ ಮಾತ್ರ, "ಎಲ್ಲ ಸರಿ, ಆದ್ರೆ ಥಿಯೇಟರ್‌ನಲ್ಲಿ ನಂಗೂ ಏನೋ ಒಂದು ತಪ್ಪಿದಂಗೆ ಆಯ್ತಪ್ಪ, ಏನಂತ ಗೊತ್ತಾಗ್ಲಿಲ್ಲ, ಆ ಸಿಟ್ಟಿಗೇ ಇವನ ಮೇಲೆ ಹಾರಿದೆ" ಅಂದ. ಒಪ್ಪಿಕೊಂಡಿದ್ದು ಮೊದಲ ಸಲ.

ಆಗ ಅಳಿಯನೇ ಮೊಬೈಲ್‌ನಲ್ಲಿ ಹುಡುಕ್ತಾ ಹುಡುಕ್ತಾ ಮಾಮನಿಗೆ (ಅವ್ನಿಗೆ ತಾತ ಆಗ್ಬೇಕು) ಹೇಳಿದ, "ತಾತ, ಹಳೇ ತೆಲುಗು ಸೇನಾಪತಿ ದನಿ ಕಮಲ್‌ದು ಅಲ್ವಂತೆ, ಎಸ್‌ಪಿಬಿದು."

ಮಾಮ ನಂಬಲಿಲ್ಲ. ಎಸ್‌ಪಿಬಿ ಅಂದ್ರೆ ನಮಗೆ ಹಾಡು, ಎದೆ ತುಂಬಿ ಹಾಡುವೆನು, ಆ ನಗು. ಆದ್ರೆ ವಿಷ್ಯ ನಿಜ, ಕಮಲ್ ತಮಿಳು ಪಿಚ್ಚರ್‌ಗಳು ತೆಲುಗಿಗೆ ಬಂದಾಗ ವರ್ಷಗಟ್ಟಲೆ ದನಿ ಕೊಟ್ಟಿದ್ದು ಅವರೇ, ದಶಾವತಾರದ ಹತ್ತು ಪಾತ್ರದಲ್ಲಿ ಏಳಕ್ಕೆ, ಆ ಮುದುಕಿ ಪಾತ್ರಕ್ಕೂ ಸೇರಿ. 2020ರ ಸೆಪ್ಟೆಂಬರ್‌ನಲ್ಲಿ ಅವರು ಹೋದ್ರು. 2024ರ ಸೇನಾಪತಿಗೆ ಆ ದನಿ ಸಿಗೋ ಮಾತೇ ಇಲ್ಲ.

ಹಳೇ ಪಿಚ್ಚರನ್ನ ತಮಿಳಲ್ಲಿ ಹಾಕಿದ್ವಿ. ಸೇನಾಪತಿ ಬಾಯಿ ತೆಗೆದ. ಮಾಮ ಎರಡು ಮಾತು ಕೇಳಿ, "ಇವ್ನು ಬೇರೆ ಮನುಷ್ಯ" ಅಂದ. ಕಮಲ್ ಸ್ವಂತ ದನಿ ಒಣ, ಸ್ವಲ್ಪ ಗೊರಗೊರ, ಹಲ್ಲು ಕಚ್ಚಿ ಮಾತಾಡ್ತಾನೆ, ಅದೂ ಚೆನ್ನಾಗೇ ಐತೆ, ಆದ್ರೆ ಕಚೇರಿ ಟೇಬಲ್ ಮೇಲೆ ಪೇಪರ್‌ವೇಟ್ ಎತ್ತಿ ಇಟ್ಟಾಗ ಮಾಮನ ತಲೆಯೊಳಗೆ ಇದ್ದ ದನಿ ಅದಲ್ಲ. ಅದು ಎಸ್‌ಪಿಬಿದು, ಸಿಟ್ಟಲ್ಲೂ ಒಂಚೂರು ಮನೆ ಹಿರಿಯರ ಬೆಚ್ಚಗೆ ಇರೋದು. 28 ವರ್ಷ ಮಾಮ ಒಬ್ಬನ ಮುಖಕ್ಕೆ ಇನ್ನೊಬ್ಬರ ದನಿ ಸೇರಿಸಿ ಒಬ್ಬನೇ ಅನ್ಕೊಂಡಿದ್ದ. ಅಳಿಯನಿಗೆ ಆ ದನಿ ಪರಿಚಯನೇ ಇಲ್ಲ, ಅದಕ್ಕೇ ಅವನಿಗೆ ಏನೂ ತಪ್ಪಿದಂಗೆ ಅನ್ಸಲಿಲ್ಲ, ಬರೀ ಬೋರ್ ಆಯ್ತು.

ಅಂದ್ರೆ ಆವತ್ತು ಬಂಡಿ ಹತ್ರ ಜಗಳ ಆಡಿದ ಇಬ್ರೂ ಒಂದೇ ಸೇನಾಪತಿ ಬಗ್ಗೆ ಮಾತಾಡ್ತಿರಲಿಲ್ಲ.

ಅಮ್ಮ ತಟ್ಟೆ ಹಾಕಿ ಕರೆದ್ಲು, ಎಲ್ರೂ ಎದ್ರು. ಮಾಮ ರಿಮೋಟ್ ತಗೊಂಡ, ಹೊಸ ಪಿಚ್ಚರ್ ಹಾಕಿದ, ತೆಲುಗಿಗೆ ಬದಲಾಯಿಸಿ ಎರಡು ನಿಮಿಷ ಕೇಳಿದ, ಆಮೇಲೆ ಮತ್ತೆ ಮ್ಯೂಟ್ ಒತ್ತಿದ. "ಹಿಂಗೇ ಇರ್ಲಿ ಬಿಡು, ಮಿಕ್ಕಿದ್ದು ನಾನು ಹಾಕ್ಕೊಂತೀನಿ" ಅಂದು ತಟ್ಟೆ ಅಲ್ಲಿಗೇ ತರಿಸ್ಕೊಂಡ.